ಅರವತ್ತರಿಂದ ಎಪ್ಪತ್ತರವರೆಗೆ: ನಿವೃತ್ತರ ಪೂರಕ ಆರೋಗ್ಯ ವಿಮೆಯಲ್ಲಿ ಆಗಿರುವ ಬದಲಾವಣೆಗಳು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯನ್ನು ಆಶ್ರಯಿಸಿದ ರೀಲರುಗಳು, ಚನ್ನಪಟ್ಟಣದ ಆಟಿಕೆ ತಯಾರಕರು, ಕನಕಪುರ ಹಾಗೂ ಮಾಗಡಿ ಪೇಟೆಗಳ ದಿನಸಿ, ಜವಳಿ ಮತ್ತು ಗೊಬ್ಬರದ ವರ್ತಕರು ತಮ್ಮ ಉದ್ಯಮದ ಆಸ್ತಿಪಾಸ್ತಿಗೆ ಒಂದಲ್ಲ ಒಂದು ಬಗೆಯ ವಿಮೆಯನ್ನು ಬಲ್ಲವರೇ ಆಗಿದ್ದಾರೆ. ದಾಸ್ತಾನಿನ ಮೇಲೆ ಸಾಲ ಕೊಡುವ ಬ್ಯಾಂಕು ಬೆಂಕಿ ವಿಮೆಯನ್ನು ಕೇಳುತ್ತದೆ. ಸರಕು ಸಾಗಿಸುವ ವಾಹನಕ್ಕೆ ಕಾನೂನೇ ವಿಮೆಯನ್ನು ಕಡ್ಡಾಯಗೊಳಿಸಿದೆ. ಆದರೆ ಇಷ್ಟೆಲ್ಲವನ್ನೂ ನಡೆಸುವ ಮಾಲೀಕನ ಆರೋಗ್ಯಕ್ಕೆ ವಿಮೆ ಮಾಡಿಸುವಂತೆ ಯಾರೂ ಒತ್ತಾಯಿಸುವುದಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯೋ ಮೂತ್ರಪಿಂಡದ ತೊಂದರೆಯೋ ಎದುರಾದಾಗ ಮೊದಲು ಖಾಲಿಯಾಗುವುದು ಅಂಗಡಿಯ ದುಡಿಯುವ ಬಂಡವಾಳ. ಅದು ಸಾಲದೆ ಹೋದರೆ ನಿವೇಶನ ಅಥವಾ ತೋಟದ ಮಾತು ಬರುತ್ತದೆ. ಮೂವತ್ತು ನಲವತ್ತು ವರ್ಷಗಳ ದುಡಿಮೆ ಒಂದೆರಡು ತಿಂಗಳ ಆಸ್ಪತ್ರೆಯ ಬಿಲ್ಲಿನಲ್ಲಿ ಕರಗುವುದು ಅಪರೂಪವಲ್ಲ.

ಹಿರಿಯರ ಆರೋಗ್ಯ ವಿಮೆಗೆ ಸಂಬಂಧಿಸಿದಂತೆ 2024 ಮತ್ತು 2025ರಲ್ಲಿ ಹಲವು ಮುಖ್ಯ ಬದಲಾವಣೆಗಳಾಗಿವೆ. ವಯಸ್ಸಿನ ಕಾರಣಕ್ಕೆ ಮುಚ್ಚಿದ್ದ ಬಾಗಿಲುಗಳು ತೆರೆದಿವೆ, ತೆರಿಗೆಯ ಭಾರ ಇಳಿದಿದೆ, ಎಪ್ಪತ್ತು ದಾಟಿದವರಿಗೆ ಸರ್ಕಾರದ ಯೋಜನೆ ಪ್ರಕಟವಾಗಿದೆ. ಇಷ್ಟಾದರೂ ದುಡಿಮೆ ನಿಲ್ಲುವ ಅರವತ್ತಕ್ಕೂ ಸರ್ಕಾರದ ಯೋಜನೆ ಕೈಹಿಡಿಯುವ ಎಪ್ಪತ್ತಕ್ಕೂ ನಡುವಣ ಹತ್ತು ವರ್ಷಗಳು ಬಯಲಾಗಿಯೇ ಉಳಿದಿವೆ. ಈ ಅವಧಿಗೆ ಬೇಕಾದ ಏರ್ಪಾಡನ್ನು ಇನ್ನೂ ದುಡಿಯುತ್ತಿರುವಾಗಲೇ ಮಾಡಿಕೊಳ್ಳಬೇಕಾಗಿದೆ. ವರ್ತಕರಿಗೂ, ತಮ್ಮ ನೌಕರರನ್ನು ನಿವೃತ್ತಿಗೊಳಿಸುವ ಉದ್ಯಮಿಗಳಿಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ.

ಹಿಂದಿನ ಸ್ಥಿತಿ

ಭಾರತದಲ್ಲಿ ಜನಸಾಮಾನ್ಯರಿಗೆ ಆರೋಗ್ಯ ವಿಮೆಯ ಪರಿಚಯವಾದದ್ದು 1986ರಲ್ಲಿ, ಸರ್ಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಸಂಸ್ಥೆಗಳು ತಂದ ಮೆಡಿಕ್ಲೇಮ್ ಪಾಲಿಸಿಯ ಮೂಲಕ. ಖಾಸಗಿ ಸಂಸ್ಥೆಗಳು 2000ದಿಂದೀಚೆಗೆ ಈ ಕ್ಷೇತ್ರವನ್ನು ಪ್ರವೇಶಿಸಿದವು. ಆ ವರ್ಷಗಳಲ್ಲಿ ಅರವತ್ತು ದಾಟಿದವರಿಗೆ ಹೊಸ ಪಾಲಿಸಿ ದೊರೆಯುವುದು ಕಷ್ಟವಾಗಿತ್ತು. ಹಳೆಯ ಪಾಲಿಸಿ ಇದ್ದವರಿಗೂ ಒಂದೆರಡು ದೊಡ್ಡ ಕ್ಲೇಮು ಪಡೆದ ಮೇಲೆ ನವೀಕರಣ ನಿರಾಕರಿಸಲ್ಪಡುವ ಭಯವಿತ್ತು. ದೂರುಗಳು ಹೆಚ್ಚಿದ್ದರಿಂದ ವಿಮಾ ನಿಯಂತ್ರಣ ಪ್ರಾಧಿಕಾರವು ಹಿರಿಯ ನಾಗರಿಕರ ಆರೋಗ್ಯ ವಿಮೆಯನ್ನು ಕುರಿತು ಕೆ.ಎಸ್. ಶಾಸ್ತ್ರಿ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. ಅದು 2007ರಲ್ಲಿ ವರದಿ ನೀಡಿತು.

ಕುಶಲಕರ್ಮಿಗಳಿಗೆ ಅದೇ ಕಾಲದಲ್ಲಿ ರಾಜೀವ್ ಗಾಂಧಿ ಶಿಲ್ಪಿ ಸ್ವಾಸ್ಥ್ಯ ಬಿಮಾ ಯೋಜನೆ ಬಂದಿತು. ಅದರ ಮಿತಿ ಒಂದು ಕುಟುಂಬಕ್ಕೆ ವರ್ಷಕ್ಕೆ 15,000 ರೂ. ಮಾತ್ರ. ಸಣ್ಣಪುಟ್ಟ ಚಿಕಿತ್ಸೆಗೆ ಅದು ನೆರವಾಗುತ್ತಿತ್ತೇ ಹೊರತು ವೃದ್ಧಾಪ್ಯದ ದೊಡ್ಡ ಕಾಯಿಲೆಗಳಿಗೆ ಸಾಲುವಂತಿರಲಿಲ್ಲ. ಮುಂದೆ ಇಂತಹ ಸಣ್ಣ ಯೋಜನೆಗಳು ದೊಡ್ಡ ಯೋಜನೆಗಳಲ್ಲಿ ಲೀನವಾದವು.

2011ರ ಅಕ್ಟೋಬರ್ 1ರಿಂದ ಒಂದು ಸಂಸ್ಥೆಯ ಪಾಲಿಸಿಯನ್ನು, ಅಲ್ಲಿ ಕಳೆದ ಕಾಯುವ ಅವಧಿಯ ಲಾಭವನ್ನು ಉಳಿಸಿಕೊಂಡು, ಮತ್ತೊಂದು ಸಂಸ್ಥೆಗೆ ವರ್ಗಾಯಿಸಿಕೊಳ್ಳುವ ಸೌಲಭ್ಯ ಜಾರಿಗೆ ಬಂದಿತು. 2013ರ ನಿಯಮಗಳು ಆರೋಗ್ಯ ಪಾಲಿಸಿಗಳಿಗೆ ಕನಿಷ್ಠ 65 ವರ್ಷದವರೆಗಾದರೂ ಪ್ರವೇಶ ಕೊಡಬೇಕೆಂದೂ, ಒಮ್ಮೆ ಸೇರಿದವರಿಗೆ ಜೀವನಪರ್ಯಂತ ನವೀಕರಣ ಕೊಡಬೇಕೆಂದೂ ವಿಧಿಸಿದವು. 65 ದಾಟಿದವರಿಗೆ ಹೊಸದಾಗಿ ಪಾಲಿಸಿ ಕೊಡುವುದು ಬಿಡುವುದು ಸಂಸ್ಥೆಗಳ ಇಚ್ಛೆಗೆ ಸೇರಿದ್ದಾಗಿ ಉಳಿಯಿತು.

2024ರ ನಂತರ ಬದಲಾದದ್ದೇನು?

2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳು ಎಲ್ಲ ವಯೋಮಾನದವರಿಗೂ ಆರೋಗ್ಯ ಪಾಲಿಸಿಗಳನ್ನು ಒದಗಿಸಬೇಕೆಂದು ವಿಮಾ ಸಂಸ್ಥೆಗಳಿಗೆ ಸೂಚಿಸಿದವು. 65ರ ಗಡಿ ಹೀಗೆ ಮಹತ್ವ ಕಳೆದುಕೊಂಡಿತು. ಅರ್ಜಿ ಹಾಕಿದವರಿಗೆಲ್ಲ ಪಾಲಿಸಿ ಸಿಕ್ಕೇ ಸಿಗುತ್ತದೆ ಎಂದು ಇದರ ಅರ್ಥವಲ್ಲ. ಆರೋಗ್ಯ ತಪಾಸಣೆ ಮಾಡಿಸುವ, ಅಪಾಯವನ್ನು ಅಳೆದು ಕಂತನ್ನು ನಿಗದಿಪಡಿಸುವ ಹಕ್ಕು ಸಂಸ್ಥೆಗಳಿಗೆ ಇದ್ದೇ ಇದೆ.

ಎರಡನೆಯ ಬದಲಾವಣೆ ಕಾಯುವ ಅವಧಿಗೆ ಸಂಬಂಧಿಸಿದ್ದು. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮುಂತಾದವುಗಳಿಗೆ ತಕ್ಷಣ ಪರಿಹಾರ ದೊರೆಯುವುದಿಲ್ಲ. ಹಿಂದೆ ಇದಕ್ಕೆ ಗರಿಷ್ಠ 48 ತಿಂಗಳು ಕಾಯಿಸಬಹುದಾಗಿತ್ತು. ಈಗ ಆ ಮಿತಿ 36 ತಿಂಗಳಿಗೆ ಇಳಿದಿದೆ. ಇದಕ್ಕಿಂತ ಕಡಿಮೆ ಅವಧಿಯ ಪಾಲಿಸಿಗಳೂ ಮಾರುಕಟ್ಟೆಯಲ್ಲಿವೆ, ಅವುಗಳ ಕಂತು ಸಾಮಾನ್ಯವಾಗಿ ಹೆಚ್ಚು. ಮೂರನೆಯದಾಗಿ, ಸತತವಾಗಿ 60 ತಿಂಗಳು ಕಂತು ಕಟ್ಟಿದ ಮೇಲೆ, ಸಾಬೀತಾದ ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟಿದ್ದೀರಿ ಎಂಬ ಕಾರಣ ನೀಡಿ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ಮೊದಲು ಈ ಅವಧಿ ಎಂಟು ವರ್ಷವಾಗಿತ್ತು.

2024ರ ಮೇ 29ರ ಪ್ರಧಾನ ಸುತ್ತೋಲೆಯು ಆಸ್ಪತ್ರೆಯ ಹಂತದ ಸಮಸ್ಯೆಗಳನ್ನು ಮುಟ್ಟಿತು. ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು ಒಂದು ಗಂಟೆಯೊಳಗೆ ತೀರ್ಮಾನಿಸಬೇಕು; ಬಿಡುಗಡೆಯ ಅಂತಿಮ ಒಪ್ಪಿಗೆಯನ್ನು ಆಸ್ಪತ್ರೆಯ ಕೋರಿಕೆ ತಲುಪಿದ ಮೂರು ಗಂಟೆಯೊಳಗೆ ಕೊಡಬೇಕು. ಹಿಂದಿನ ವರ್ಷ ಕ್ಲೇಮು ಪಡೆದಿದ್ದೀರಿ ಎಂಬ ಕಾರಣಕ್ಕೆ ನವೀಕರಣವನ್ನು ನಿರಾಕರಿಸುವಂತಿಲ್ಲ. ಹೊಸ ಪಾಲಿಸಿ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸಲು 30 ದಿನಗಳ ಕಾಲಾವಕಾಶವಿದೆ.

ಕಂತಿನ ಏರಿಕೆ ಹಿರಿಯರ ಹಳೆಯ ಅಳಲು. ಅದರ ಮೇಲೆ 2025ರ ಜನವರಿ 30ರಂದು ಪ್ರಾಧಿಕಾರವು ನಿರ್ಬಂಧ ಹೇರಿತು. ಹಿರಿಯ ನಾಗರಿಕರ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚಿಸಬೇಕಾದರೆ ಪ್ರಾಧಿಕಾರದೊಡನೆ ಮೊದಲೇ ಸಮಾಲೋಚಿಸಬೇಕೆಂದು ಸೂಚಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿ ರದ್ದಾಯಿತು; ಕುಟುಂಬಕ್ಕೆಲ್ಲ ಸೇರಿದ ಫ್ಲೋಟರ್ ಪಾಲಿಸಿಗಳಿಗೂ ಹಿರಿಯ ನಾಗರಿಕರ ಪಾಲಿಸಿಗಳಿಗೂ ಈ ವಿನಾಯಿತಿ ಅನ್ವಯವಾಯಿತು. 40,000 ರೂ. ಕಂತಿಗೆ 7,200 ರೂ. ತೆರಿಗೆ ಸೇರಿ 47,200 ರೂ. ಕಟ್ಟುತ್ತಿದ್ದವರಿಗೆ ತೆರಿಗೆಯಷ್ಟು ಹೊರೆ ತಗ್ಗಿತು. ಆದರೆ ವಿಮಾ ಸಂಸ್ಥೆಗಳಿಗೆ ಇನ್‌ಪುಟ್ ತೆರಿಗೆಯ ಜಮೆ ತಪ್ಪಿಹೋಗಿರುವುದರಿಂದ ಮೂಲ ಕಂತಿನಲ್ಲಿ ಏರುಪೇರು ಆಗಬಹುದೆಂಬುದನ್ನು ವ್ಯಾಪಾರಸ್ಥರು ಸುಲಭವಾಗಿ ಗ್ರಹಿಸಬಲ್ಲರು. ನವೀಕರಣದ ಸೂಚನೆ ಬಂದಾಗ ಹಿಂದಿನ ವರ್ಷದ ತೆರಿಗೆರಹಿತ ಕಂತಿನೊಡನೆ ಹೋಲಿಸಿ ನೋಡುವುದು ಒಳಿತು.

ಎಪ್ಪತ್ತು ದಾಟಿದವರಿಗೆ

ಕೇಂದ್ರ ಸರ್ಕಾರವು 2024ರ ಅಕ್ಟೋಬರ್ 29ರಂದು ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ, ಆದಾಯದ ಮಿತಿಯಿಲ್ಲದೆ, ವಿಸ್ತರಿಸಿತು. ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂ. ವರೆಗಿನ ಆಸ್ಪತ್ರೆ ಚಿಕಿತ್ಸೆ ಇದರ ವ್ಯಾಪ್ತಿ. ಮನೆಯಲ್ಲಿ ಪತಿ ಪತ್ನಿ ಇಬ್ಬರೂ ಎಪ್ಪತ್ತು ದಾಟಿದ್ದರೆ ಈ ಮೊತ್ತವನ್ನು ಅವರು ಹಂಚಿಕೊಳ್ಳಬೇಕು. ಕುಟುಂಬವು ಮೊದಲೇ ಯೋಜನೆಗೆ ಒಳಪಟ್ಟಿದ್ದರೆ ಹಿರಿಯರಿಗೆಂದೇ ಪ್ರತ್ಯೇಕವಾಗಿ ಹೆಚ್ಚುವರಿ 5 ಲಕ್ಷ ರೂ. ಇದೆ. ಖಾಸಗಿ ಪಾಲಿಸಿ ಅಥವಾ ಇಎಸ್‌ಐ ಸೌಲಭ್ಯ ಇರುವವರೂ ಅರ್ಹರು. ಕೇಂದ್ರ ಸರ್ಕಾರದ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಸೌಲಭ್ಯ ಇರುವವರು ಮಾತ್ರ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಮೊದಲೇ ಇದ್ದ ಕಾಯಿಲೆಗಳಿಗೆ ಇಲ್ಲಿ ಕಾಯುವ ಅವಧಿಯಿಲ್ಲ.

ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್ ಯೋಜನೆ 2018ರಿಂದ ರಾಜ್ಯದ ಆರೋಗ್ಯ ಕರ್ನಾಟಕದೊಡನೆ ಸೇರಿ, ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಮೂಲಕ ನಡೆಯುತ್ತ ಬಂದಿದೆ. ವೆಚ್ಚದಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ ಪಾಲು ಶೇ. 40. ಈ ಹಂಚಿಕೆಯ ಲೆಕ್ಕಾಚಾರದ ಬಗ್ಗೆ ಕೇಂದ್ರ ಮತ್ತು ರಾಜ್ಯಗಳ ನಡುವೆ ಚರ್ಚೆ ನಡೆದಿರುವುದರಿಂದ ಕಾರ್ಡು ಕೈಗೆ ಬಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಆಸ್ಪತ್ರೆಗೆ ದಾಖಲಾಗುವ ಮುನ್ನ ಅಲ್ಲಿನ ಆರೋಗ್ಯ ಮಿತ್ರರನ್ನು ಕಂಡು, ಹಿರಿಯರ ಕಾರ್ಡಿನ ಮೇಲೆ ಉದ್ದೇಶಿತ ಚಿಕಿತ್ಸೆ ಆ ಆಸ್ಪತ್ರೆಯಲ್ಲಿ ದೊರೆಯುವುದೇ ಎಂದು ಕೇಳಿ ತಿಳಿದುಕೊಳ್ಳುವುದು ಅವಶ್ಯ.

ನಡುವಣ ಹತ್ತು ವರ್ಷಗಳು

ಖಾಸಗಿ ಉದ್ದಿಮೆಗಳಲ್ಲಿ 58 ಅಥವಾ 60ಕ್ಕೆ ನಿವೃತ್ತಿ. ಉದ್ಯೋಗದಾತರು ಮಾಡಿಸಿದ ಗುಂಪು ವಿಮೆ ಸಾಮಾನ್ಯವಾಗಿ ಸೇವೆಯ ಕೊನೆಯ ದಿನಕ್ಕೇ ಮುಗಿಯುತ್ತದೆ. ಸ್ವಂತ ವ್ಯಾಪಾರದವರಿಗೆ ಗುಂಪು ವಿಮೆಯೂ ಇಲ್ಲ, ಪಿಂಚಣಿಯೂ ಇಲ್ಲ. ಮಂಡಿಚಿಪ್ಪು, ಕಣ್ಣಿನ ಪೊರೆ, ಹೃದಯ, ಪ್ರಾಸ್ಟೇಟ್ ತೊಂದರೆಗಳು ತಲೆಯೆತ್ತುವುದು ಈ ಅವಧಿಯಲ್ಲೇ. ಆಗ ಒದಗಬಲ್ಲ ದಾರಿಗಳು ನಾಲ್ಕು.

ಮೊದಲನೆಯದು ಇಎಸ್‌ಐ. ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಉದ್ದಿಮೆಗಳಿಗೆ ಇದು ಬಹು ಮುಖ್ಯ. ಕನಿಷ್ಠ ಐದು ವರ್ಷ ವಿಮಾದಾರನಾಗಿದ್ದು ವಯೋನಿವೃತ್ತಿ ಹೊಂದಿದ ನೌಕರನು ವರ್ಷಕ್ಕೆ 120 ರೂ. ಕಟ್ಟಿ ತನಗೂ ತನ್ನ ಪತ್ನಿಗೂ ವೈದ್ಯಕೀಯ ಸೌಲಭ್ಯವನ್ನು ಮುಂದುವರಿಸಿಕೊಳ್ಳಲು ಇಎಸ್‌ಐ ನಿಯಮಗಳು ಅವಕಾಶ ಕೊಟ್ಟಿದ್ದವು. ವೇತನ 21,000 ರೂ. ಮಿತಿಯನ್ನು ದಾಟಿದ್ದರಿಂದ ನಿವೃತ್ತಿಗೆ ಮುನ್ನವೇ ಇಎಸ್‌ಐನಿಂದ ಹೊರಬಿದ್ದ ಕೆಲವರಿಗೂ ಷರತ್ತುಗಳೊಡನೆ ಸೌಲಭ್ಯ ನೀಡಲು ನಿಗಮವು 2024ರ ಫೆಬ್ರುವರಿಯಲ್ಲಿ ತೀರ್ಮಾನಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ನಿವೃತ್ತರ ಸೌಲಭ್ಯಕ್ಕೆ ಅವಕಾಶವಿದೆ. ಇಷ್ಟು ಅಲ್ಪ ವೆಚ್ಚದ ಈ ಸೌಲಭ್ಯ ತಿಳಿವಳಿಕೆಯ ಕೊರತೆಯಿಂದ ಕೈತಪ್ಪಬಾರದು. ನೌಕರನ ಕೊನೆಯ ತಿಂಗಳಲ್ಲಿ ಭವಿಷ್ಯನಿಧಿಯ ಕಾಗದಪತ್ರಗಳ ಜೊತೆಗೆ ಇಎಸ್‌ಐ ಅರ್ಜಿಯನ್ನೂ ತುಂಬಿಸುವುದು ಮಾಲೀಕರಿಗೆ ಖರ್ಚಿಲ್ಲದ ಉಪಕಾರ.

ಎರಡನೆಯದು ಗುಂಪು ವಿಮೆಯಿಂದ ವೈಯಕ್ತಿಕ ಪಾಲಿಸಿಗೆ ಬದಲಾವಣೆ. ಗುಂಪಿನಿಂದ ಹೊರಬರುವ ಸದಸ್ಯನು ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ, ಕಳೆದ ವರ್ಷಗಳ ಕಾಯುವ ಅವಧಿಯ ಲಾಭದೊಡನೆ, ಬದಲಾಗಲು ಅರ್ಜಿ ಹಾಕಬಹುದು. ವಿಮಾ ಸಂಸ್ಥೆ ಅರ್ಜಿಯನ್ನು ಪರಿಶೀಲಿಸಿಯೇ ಒಪ್ಪುತ್ತದೆ. ಆದುದರಿಂದ ನಿವೃತ್ತಿಗೆ ಒಂದೂವರೆ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕುವುದು ಕ್ಷೇಮ. ಕೊನೆಯ ದಿನ ಕಳೆದು ಗುಂಪಿನ ಹೆಸರು ಅಳಿಸಿಹೋದ ಮೇಲೆ ಕೇಳಿದರೆ ಹತ್ತಾರು ವರ್ಷದ ಸೇವೆಯಲ್ಲಿ ಗಳಿಸಿದ ಈ ಲಾಭ ವ್ಯರ್ಥವಾಗಬಹುದು.

ಮೂರನೆಯದು ಯಶಸ್ವಿನಿ. 2003ರಲ್ಲಿ ಸಹಕಾರ ಸಂಘಗಳ ರೈತ ಸದಸ್ಯರಿಗಾಗಿ ಆರಂಭವಾದ ಈ ಯೋಜನೆ 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನಗೊಂಡು, 2022-23ರಲ್ಲಿ ಮರುಜಾರಿಯಾಯಿತು. ಮರುಜಾರಿಯಾದಾಗ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂ., ನಗರದ ಕುಟುಂಬಕ್ಕೆ 1,000 ರೂ. ವಂತಿಗೆ ನಿಗದಿಯಾಗಿತ್ತು, ಚಿಕಿತ್ಸೆಯ ಮಿತಿ 5 ಲಕ್ಷ ರೂ. ಹಾಲು ಉತ್ಪಾದಕರ ಸಂಘಗಳೂ ಪತ್ತಿನ ಸಂಘಗಳೂ ದಟ್ಟವಾಗಿರುವ ಈ ನಾಲ್ಕು ತಾಲ್ಲೂಕುಗಳಲ್ಲಿ ಅನೇಕ ವರ್ತಕ ಕುಟುಂಬಗಳಿಗೆ ಯಾವುದಾದರೊಂದು ಸಹಕಾರ ಸಂಘದ ಸದಸ್ಯತ್ವ ಇದ್ದೇ ಇರುತ್ತದೆ. ನೋಂದಣಿಗೆ ವರ್ಷದಲ್ಲಿ ನಿಗದಿತ ಅವಧಿ ಮಾತ್ರ ಇರುವುದರಿಂದ ಸಂಘದ ಕಾರ್ಯದರ್ಶಿಯವರನ್ನು ಮುಂಚಿತವಾಗಿ ವಿಚಾರಿಸಬೇಕು.

ಆರೋಗ್ಯ ಕರ್ನಾಟಕ ಯೋಜನೆಯೂ ಈ ವಯಸ್ಸಿನವರಿಗೆ ಒದಗುತ್ತದೆ. ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.; ಎಪಿಎಲ್ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ, ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ, ಸರ್ಕಾರ ಭರಿಸುವುದೆಂದು ಯೋಜನೆ ರೂಪಿಸಲಾಯಿತು. ತುರ್ತು ಸಂದರ್ಭಗಳ ಹೊರತು ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕಾಗುತ್ತದೆ. ಮಧ್ಯಮ ವರ್ಗದ ವರ್ತಕನಿಗೆ ಇದು ಭಾಗಶಃ ನೆರವು. ಉಳಿದ ಭಾಗಕ್ಕೆ ಸ್ವಂತ ವಿಮೆಯೇ ಗತಿ. ಅದೇ ನಾಲ್ಕನೆಯ ದಾರಿ.

ಟಾಪ್‌ಅಪ್ ಮತ್ತು ಸೂಪರ್ ಟಾಪ್‌ಅಪ್

ಅರವತ್ತರ ಆಸುಪಾಸಿನಲ್ಲಿ ದೊಡ್ಡ ಮೊತ್ತದ ಮೂಲ ಪಾಲಿಸಿಯ ಕಂತು ದುಬಾರಿ. ಸಣ್ಣ ಮೂಲ ಪಾಲಿಸಿಯ ಮೇಲೆ ಪೂರಕ ಪಾಲಿಸಿಯನ್ನು ಸೇರಿಸುವುದು ಇದಕ್ಕೆ ಪರಿಹಾರ. ಪೂರಕ ಪಾಲಿಸಿ ಒಂದು ನಿರ್ದಿಷ್ಟ ಮೊತ್ತದವರೆಗಿನ ಖರ್ಚನ್ನು ಕೊಡುವುದಿಲ್ಲ. ಅದನ್ನು ಮೀರಿದ ಖರ್ಚನ್ನಷ್ಟೇ ಕೊಡುತ್ತದೆ. ಆ ಮೊತ್ತಕ್ಕೆ ಡಿಡಕ್ಟಿಬಲ್ ಎಂದು ಹೆಸರು. ಸಣ್ಣ ಖರ್ಚುಗಳು ಈ ಪಾಲಿಸಿಯ ಮೇಲೆ ಬೀಳದಿರುವುದರಿಂದಲೇ ಅದರ ಕಂತು ಕಡಿಮೆ.

ಇದರಲ್ಲಿ ಎರಡು ಬಗೆಗಳಿದ್ದು, ಹೆಸರಿನ ಹೋಲಿಕೆಯಿಂದ ಗ್ರಾಹಕರು ಮೋಸಹೋಗುವ ಸಂಭವವಿದೆ. ಉದಾಹರಣೆಗೆ, ಡಿಡಕ್ಟಿಬಲ್ 5 ಲಕ್ಷ ರೂ. ಇರುವ ಪಾಲಿಸಿದಾರರೊಬ್ಬರು ಒಂದೇ ವರ್ಷದಲ್ಲಿ ಎರಡು ಬಾರಿ ಆಸ್ಪತ್ರೆ ಸೇರಿದರೆಂದು ಭಾವಿಸೋಣ. ಮೊದಲ ಬಿಲ್ಲು 4 ಲಕ್ಷ, ಎರಡನೆಯದು 3 ಲಕ್ಷ ರೂ. ಸಾಮಾನ್ಯ ಟಾಪ್‌ಅಪ್ ಪ್ರತಿ ಬಿಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತದೆ. ಯಾವ ಬಿಲ್ಲೂ 5 ಲಕ್ಷ ದಾಟದ ಕಾರಣ ಅದರಿಂದ ಬಿಡಿಗಾಸೂ ಬರುವುದಿಲ್ಲ. ಸೂಪರ್ ಟಾಪ್‌ಅಪ್ ವರ್ಷದ ಒಟ್ಟು ಖರ್ಚನ್ನು ನೋಡುತ್ತದೆ. ಒಟ್ಟು 7 ಲಕ್ಷದಲ್ಲಿ 5 ಲಕ್ಷ ಕಳೆದು ಉಳಿದ 2 ಲಕ್ಷ ರೂ. ಅದರಿಂದ ದೊರೆಯುತ್ತದೆ. ಪದೇ ಪದೇ ಆಸ್ಪತ್ರೆಗೆ ಹೋಗಬೇಕಾಗುವ ವಯಸ್ಸಿನಲ್ಲಿ ಯಾವುದು ಉಪಯುಕ್ತವೆಂಬುದು ಈ ಲೆಕ್ಕದಿಂದ ಸ್ಪಷ್ಟ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸರ್ಕಾರದ 5 ಲಕ್ಷವನ್ನೇ ಡಿಡಕ್ಟಿಬಲ್ ಎಂದು ಲೆಕ್ಕ ಹಾಕಿ, ಅದರ ಮೇಲಿನದಕ್ಕೆ ಮಾತ್ರ ಸೂಪರ್ ಟಾಪ್‌ಅಪ್ ಕೊಂಡರೆ ಸಾಕೆಂಬ ಯೋಚನೆ ಆಕರ್ಷಕವಾಗಿ ಕಾಣುತ್ತದೆ. ಆದರೆ ಸರ್ಕಾರಿ ಯೋಜನೆಯಡಿ ಚಿಕಿತ್ಸೆ ನಡೆಯುವುದು ನಿಗದಿತ ಪ್ಯಾಕೇಜ್ ದರದಲ್ಲಿ, ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ. ಅಲ್ಲಿ ಖಾಸಗಿ ದರದ ದೊಡ್ಡ ಬಿಲ್ಲು ಹುಟ್ಟುವುದೇ ಇಲ್ಲ. ಯೋಜನೆಯ ಹೊರಗಿನ ಆಸ್ಪತ್ರೆಗೆ ಹೋದರೆ ಮೊದಲ 5 ಲಕ್ಷ ಸ್ವಂತ ಜೇಬಿನಿಂದಲೇ ಹೋಗುತ್ತದೆ. ಎರಡನ್ನೂ ಬೇರೆ ಬೇರೆ ಆಸರೆಗಳೆಂದು ಭಾವಿಸುವುದು, ಡಿಡಕ್ಟಿಬಲ್ ಮೊತ್ತಕ್ಕೆ ಸಣ್ಣ ಮೂಲ ಪಾಲಿಸಿಯನ್ನೋ ಬ್ಯಾಂಕಿನಲ್ಲಿ ಮೀಸಲು ಠೇವಣಿಯನ್ನೋ ಇಟ್ಟುಕೊಳ್ಳುವುದು ವಿವೇಕ.

ಮೂಲ ಪಾಲಿಸಿಗೆ 2020ರ ಏಪ್ರಿಲ್‌ನಲ್ಲಿ ಎಲ್ಲ ಸಂಸ್ಥೆಗಳೂ ಏಕರೂಪದಲ್ಲಿ ತಂದ ಆರೋಗ್ಯ ಸಂಜೀವನಿ ಪಾಲಿಸಿ ಹೋಲಿಕೆಗೆ ಸುಲಭವಾದುದು. ಷರತ್ತುಗಳು ಎಲ್ಲೆಡೆ ಒಂದೇ ಆಗಿದ್ದು ಕಂತು ಮಾತ್ರ ಬೇರೆ ಬೇರೆ. ಪ್ರತಿ ಕ್ಲೇಮಿನಲ್ಲೂ ಶೇ. 5ನ್ನು ಪಾಲಿಸಿದಾರರೇ ಭರಿಸಬೇಕೆಂಬುದು ಅದರ ಷರತ್ತು.

ಪಾಲಿಸಿ ಪತ್ರದಲ್ಲಿ ಗಮನಿಸಬೇಕಾದದ್ದು

ಈ ಭಾಗದ ಜನರಿಗೆ ವಿಶೇಷವಾಗಿ ಅನ್ವಯಿಸುವ ಷರತ್ತೊಂದಿದೆ. ಕೆಲವು ಸಂಸ್ಥೆಗಳು ದೇಶವನ್ನು ವಲಯಗಳಾಗಿ ವಿಂಗಡಿಸಿ, ಸಣ್ಣ ಊರಿನವರಿಗೆ ಕಡಿಮೆ ಕಂತನ್ನು ವಿಧಿಸುತ್ತವೆ. ಅಂತಹ ಪಾಲಿಸಿದಾರರು ಮಹಾನಗರದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ ಬಿಲ್ಲಿನ ಒಂದು ಪಾಲನ್ನು ತಾವೇ ಕೊಡಬೇಕಾಗಬಹುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ರೋಗಿಗಳು ದೊಡ್ಡ ಚಿಕಿತ್ಸೆಗೆ ಹೋಗುವುದು ಬೆಂಗಳೂರಿಗೆ ತಾನೆ? 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆ ಎಂಬ ಹೆಸರು ಬಂದಿದ್ದರೂ ಪಾಲಿಸಿಯ ವಲಯ ಯಾವುದೆಂಬುದನ್ನು ನಿರ್ಧರಿಸುವುದು ವಿಮಾ ಸಂಸ್ಥೆಯ ಪಟ್ಟಿ. ವಲಯದ ಷರತ್ತು ಇದೆಯೇ, ಇದ್ದರೆ ಬೆಂಗಳೂರಿನ ಚಿಕಿತ್ಸೆಗೆ ಎಷ್ಟು ಕಡಿತ ಎಂಬುದನ್ನು ಏಜೆಂಟರಿಂದ ಬರಹದಲ್ಲಿ ಪಡೆಯಬೇಕು.

ಕೊಠಡಿ ಬಾಡಿಗೆಯ ಮಿತಿ ಮತ್ತೊಂದು. ದಿನಕ್ಕೆ 5,000 ರೂ. ಮಿತಿಯಿರುವವರು 10,000 ರೂ. ಬಾಡಿಗೆಯ ಕೊಠಡಿಯಲ್ಲಿ ಉಳಿದರೆ ನಷ್ಟವಾಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವಲ್ಲ. ವೈದ್ಯರ ಶುಲ್ಕ, ಶುಶ್ರೂಷೆ ಮೊದಲಾದ ಸಂಬಂಧಿತ ವೆಚ್ಚಗಳೂ ಅದೇ ಪ್ರಮಾಣದಲ್ಲಿ ಕಡಿತವಾಗಬಹುದು. ಅಂತಹ ವೆಚ್ಚ 1,20,000 ರೂ. ಆಗಿದ್ದರೆ 60,000 ರೂ. ಮಾತ್ರ ಕೈಗೆ ಬರುತ್ತದೆ. ಔಷಧಿ ಮತ್ತು ದೇಹದೊಳಗೆ ಅಳವಡಿಸುವ ಸಾಧನಗಳ ವೆಚ್ಚಕ್ಕೆ ಈ ಪ್ರಮಾಣದ ಕಡಿತ ಅನ್ವಯಿಸುವುದಿಲ್ಲ.

ಕಾಯಿಲೆಗಳನ್ನು ಅರ್ಜಿಯಲ್ಲಿ ಮುಚ್ಚಿಡದಿರುವುದು ಎಲ್ಲಕ್ಕಿಂತ ಮುಖ್ಯ. ಕಂತು ಹೆಚ್ಚಾದೀತೆಂದು ಸಕ್ಕರೆ ಕಾಯಿಲೆಯನ್ನು ಬಿಟ್ಟು ಬರೆಯಿರಿ ಎನ್ನುವ ಸಲಹೆಗಾರರ ಮಾತಿಗೆ ಕಿವಿಗೊಡಬಾರದು. ಆಸ್ಪತ್ರೆಯ ದಾಖಲೆಯಲ್ಲಿ ಹಳೆಯ ಕಾಯಿಲೆಯ ಉಲ್ಲೇಖ ಹೊರಬಿದ್ದ ಮೇಲೆ ಪರಿತಪಿಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಬ್ಯಾಂಕ್ ನಿವೃತ್ತರ ಅನುಭವ

ಗುಂಪು ವಿಮೆಯ ಬಲ ಮತ್ತು ದೌರ್ಬಲ್ಯ ಎರಡನ್ನೂ ಬ್ಯಾಂಕ್ ನಿವೃತ್ತರ ಉದಾಹರಣೆ ತೋರಿಸುತ್ತದೆ. 2015ರ ಮೇ 25ರ ದ್ವಿಪಕ್ಷೀಯ ಒಪ್ಪಂದದ ಫಲವಾಗಿ ಬ್ಯಾಂಕ್ ನೌಕರರಿಗೆ ಗುಂಪು ವೈದ್ಯಕೀಯ ವಿಮೆ ಬಂದಿತು. ಅದೇ ವರ್ಷದ ನವೆಂಬರ್‌ನಿಂದ ನಿವೃತ್ತರೂ ತಮ್ಮದೇ ಖರ್ಚಿನಲ್ಲಿ ಸೇರಲು ಅವಕಾಶವಾಯಿತು. ಅಧಿಕಾರಿಗಳಿಗೆ 4 ಲಕ್ಷ, ಇತರರಿಗೆ 3 ಲಕ್ಷ ರೂ. ವಿಮಾ ಮೊತ್ತ. ಆರಂಭದ ಕಂತು ಹಗುರವಾಗಿತ್ತು. ಆದರೆ ಗುಂಪಿನಲ್ಲಿದ್ದವರೆಲ್ಲ ಹಿರಿಯರೇ ಆದ್ದರಿಂದ ಕ್ಲೇಮುಗಳು ಏರಿದವು. ಕಂತು ಕೆಲವೇ ವರ್ಷಗಳಲ್ಲಿ ಹಲವು ಪಟ್ಟು ಬೆಳೆಯಿತು. ಮನೆಯಲ್ಲಿದ್ದು ಪಡೆಯುವ ಚಿಕಿತ್ಸೆಯ ವೆಚ್ಚವನ್ನು ಐಚ್ಛಿಕಗೊಳಿಸಿ, ಸೂಪರ್ ಟಾಪ್‌ಅಪ್ ಸೇರಿಸಿ, ಆಯ್ಕೆಗಳನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು.

ವರ್ತಕರ ಸಂಘಗಳಿಗೆ ಇದರಲ್ಲಿ ಪಾಠವಿದೆ. ವಿಮೆಯನ್ನು ಪಡೆಯುವುದೊಂದೇ ಉದ್ದೇಶವಲ್ಲದ, ಬೇರೆ ಕಾರಣಕ್ಕೆ ಅಸ್ತಿತ್ವದಲ್ಲಿರುವ ಸಂಘಸಂಸ್ಥೆಗಳು ತಮ್ಮ ಸದಸ್ಯರಿಗಾಗಿ ಗುಂಪು ಪಾಲಿಸಿ ಪಡೆಯಲು ನಿಯಮಗಳಲ್ಲಿ ಅವಕಾಶವಿದೆ. ಗುಂಪು ಪಾಲಿಸಿಯಲ್ಲಿ ಕಾಯುವ ಅವಧಿಯನ್ನು ಚೌಕಾಸಿ ಮಾಡಿ ತೆಗೆಸಿಹಾಕುವುದೂ ಸಾಧ್ಯ. ಆದರೆ ವಯಸ್ಸಾದವರು ಮಾತ್ರ ಸೇರುವ ಗುಂಪು ಬಾಳುವುದಿಲ್ಲ. ಅಂಗಡಿಯಲ್ಲಿ ಕುಳಿತಿರುವ ಮಗ, ಸೊಸೆ, ಗುಮಾಸ್ತರನ್ನೂ ಒಳಗೊಂಡಾಗ ಮಾತ್ರ ಕಂತು ಹತೋಟಿಯಲ್ಲಿರುತ್ತದೆ. 2025ರ ಜಿಎಸ್‌ಟಿ ವಿನಾಯಿತಿ ಗುಂಪು ಪಾಲಿಸಿಗಳನ್ನು ಒಳಗೊಂಡಿರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ರೀಲರುಗಳ, ಆಟಿಕೆ ತಯಾರಕರ, ದಿನಸಿ ವರ್ತಕರ ಸಂಘಗಳು ಬಿಡಿಬಿಡಿಯಾಗಿ ಕೇಳುವುದಕ್ಕಿಂತ ನಾಲ್ಕೂ ತಾಲ್ಲೂಕುಗಳ ಸಂಘಗಳು ಒಟ್ಟಾಗಿ ದರಪಟ್ಟಿ ಕೇಳಿದರೆ ಹೆಚ್ಚಿನ ರಿಯಾಯಿತಿ ನಿರೀಕ್ಷಿಸಬಹುದು.

ತಕರಾರು ಬಂದಾಗ

ಕ್ಲೇಮು ತಿರಸ್ಕೃತವಾದರೆ ಕಾರಣವನ್ನು ಪಾಲಿಸಿಯ ಷರತ್ತಿನ ಉಲ್ಲೇಖದೊಡನೆ ಬರಹದಲ್ಲಿ ಕೇಳಬೇಕು. ಮೊದಲು ವಿಮಾ ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಮನವಿ. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ. 50 ಲಕ್ಷ ರೂ. ವರೆಗಿನ ಪರಿಹಾರವನ್ನು ಅದು ಆದೇಶಿಸಬಹುದು.

ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಹಿರಿಯ ನಾಗರಿಕರ ವಿಮಾ ಕಂತಿನ ಮೇಲೆ ವರ್ಷಕ್ಕೆ 50,000 ರೂ. ವರೆಗೆ ಕಡಿತದ ಸೌಲಭ್ಯವಿದೆ. ಕಂತನ್ನು ನಗದಾಗಿ ಕಟ್ಟಿದರೆ ಅದು ದೊರೆಯುವುದಿಲ್ಲ. ಹೊಸ ಪದ್ಧತಿಯಲ್ಲಿ ಈ ಸೌಲಭ್ಯವಿಲ್ಲ.

ಇಂದೇ ನಿರ್ಧರಿಸಬೇಕಾದ ವಿಷಯ

ಮಧುಮೇಹವಿರುವ ವರ್ತಕರೊಬ್ಬರು 57ನೆಯ ವಯಸ್ಸಿನಲ್ಲಿ ಸತ್ಯವನ್ನೇ ಬರೆದು ಪಾಲಿಸಿ ಕೊಂಡರೆ, ಕಾಯುವ ಅವಧಿ ಗರಿಷ್ಠವಾಗಿದ್ದರೂ 60ಕ್ಕೆ ಮುಗಿಯುತ್ತದೆ. ಅಂಗಡಿಯನ್ನು ಮಗನಿಗೆ ವಹಿಸುವ ಹೊತ್ತಿಗೆ ವಿಮೆ ಪೂರ್ಣ ಪ್ರಮಾಣದಲ್ಲಿ ಜೊತೆಗಿರುತ್ತದೆ. ಅವರೇ 66ರವರೆಗೆ ಕಾದರೆ ಆ ಕಾಯಿಲೆಗೆ ರಕ್ಷಣೆ ದೊರೆಯುವುದು 69ರಲ್ಲಿ. ಅಷ್ಟರಲ್ಲಿ ಹತ್ತು ವರ್ಷಗಳ ಬಹುಭಾಗ ರಕ್ಷಣೆಯಿಲ್ಲದೆ ಕಳೆದಿರುತ್ತದೆ.

ಆದ್ದರಿಂದ ಐವತ್ತೈದರ ಸುಮಾರಿಗೆ ಸಣ್ಣ ಮೂಲ ಪಾಲಿಸಿ ಮತ್ತು ಸೂಪರ್ ಟಾಪ್‌ಅಪ್. ಅರವತ್ತಕ್ಕೆ ಮುಂಚೆ ಇಎಸ್‌ಐ ಮುಂದುವರಿಕೆ ಇಲ್ಲವೇ ಗುಂಪು ವಿಮೆಯಿಂದ ಬದಲಾವಣೆಯ ಅರ್ಜಿ. ಸಹಕಾರ ಸಂಘದ ಸದಸ್ಯರಿಗೆ ಪ್ರತಿವರ್ಷ ಯಶಸ್ವಿನಿ ನೋಂದಣಿ. ಎಪ್ಪತ್ತು ತುಂಬಿದೊಡನೆ ಆಧಾರ್ ಹಿಡಿದು ಆಯುಷ್ಮಾನ್ ಕಾರ್ಡು. ಅದಾದ ಮೇಲೂ ಹಳೆಯ ಪಾಲಿಸಿಯನ್ನು ಕೈಬಿಡಬಾರದು, ಏಕೆಂದರೆ ಒಮ್ಮೆ ತಪ್ಪಿದ ನವೀಕರಣವನ್ನು ಆ ವಯಸ್ಸಿನಲ್ಲಿ ಮತ್ತೆ ಗಳಿಸುವುದು ಕಷ್ಟ. ಪ್ರತಿ ವರ್ಷ ಲೆಕ್ಕಪತ್ರ ಮುಗಿಸುವ ಮಾರ್ಚ್ ತಿಂಗಳಲ್ಲಿ ದಾಸ್ತಾನಿನ ವಿಮೆಯ ಜೊತೆಗೆ ಮನೆಯ ಹಿರಿಯರ ಆರೋಗ್ಯ ವಿಮೆಯ ದಿನಾಂಕವನ್ನೂ ಪರಿಶೀಲಿಸುವ ರೂಢಿಯನ್ನು ಸದಸ್ಯರು ಬೆಳೆಸಿಕೊಂಡಲ್ಲಿ ವ್ಯಾಪಾರವೂ ಕುಟುಂಬವೂ ಸುಭದ್ರವಾಗಿರುತ್ತವೆ.